3 ಲಕ್ಷದಲ್ಲಿ 600 ಚದರ ಅಡಿ ಆಫೀಸು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ನಮ್ಮ ಆಫೀಸು ಇರುವುದು ಬಸವನಗುಡಿಯ ಒಂದು ಹಳೇ ಮನೆಯ ಮೊದಲ ಮಹಡಿಯಲ್ಲಿ, ಮೇಲೆ ಬರೀ ತಾರಸಿ. 600 ಚದರ ಅಡಿ ಜಾಗ, ಎಂಟು ಜನ, ಪುಸ್ತಕ ಮತ್ತು ಕರಪತ್ರಗಳ ಪುಟ ವಿನ್ಯಾಸದ ಕೆಲಸ. ಐದು ವರ್ಷದ ಹಿಂದೆ ಮೊದಲ ಸಲ ರಿಪೇರಿ ಮಾಡಿಸಿದಾಗ ಇದ್ದ ದುಡ್ಡಿನಲ್ಲಿ ಹತ್ತಿರ ಹತ್ತಿರ ಅರ್ಧ ಫಾಲ್ಸ್ ಸೀಲಿಂಗ್‌ಗೆ ಹೋಯಿತು. ನೋಡೋಕೆ ಚೆನ್ನಾಗಿತ್ತು. ಸೆಪ್ಟೆಂಬರ್ ಮಳೆ ಬಂತು, ತಾರಸಿಯಿಂದ ನೀರು ಇಳಿಯಿತು, ಜಿಪ್ಸಂ ಹಲಗೆ ಒದ್ದೆಯಾಗಿ ಉಬ್ಬಿ ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಸ್ಕ್ಯಾನರ್ ಮೇಲೆ ಬಿದ್ದಿತ್ತು. ಕಳೆದ ವರ್ಷ ಎರಡನೇ ಸಲ ಮಾಡಿಸಿದೆವು, 3 ಲಕ್ಷದೊಳಗೆ. ಈ ಸಲ ಸರಿಯಾಗಿ ಆಯಿತು. ಹೇಗೆ ಮಾಡಿದೆವು ಅನ್ನುವುದನ್ನು ಕೆಲಸ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಬಾಡಿಗೆ ಜಾಗ ಅಂದ ಮೇಲೆ ಒಂದಲ್ಲ ಒಂದು ದಿನ ಖಾಲಿ ಮಾಡಲೇಬೇಕು, ಅಲ್ವಾ? ಹಾಗಾಗಿ ಪ್ರತಿ ಖರ್ಚಿಗೂ ಮುಂಚೆ ನಾವು ಒಂದೇ ಪ್ರಶ್ನೆ ಕೇಳಿಕೊಂಡೆವು: ಖಾಲಿ ಮಾಡುವ ದಿನ ಇದು ಟೆಂಪೋ ಹತ್ತುತ್ತದಾ? ಹತ್ತುವಂಥದ್ದಾದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಒಳ್ಳೆಯದನ್ನೇ ತಗೊಳ್ಳಿ. ಹತ್ತುವುದಿಲ್ಲ ಅಂದರೆ ಆದಷ್ಟು ಕಡಿಮೆಯಲ್ಲಿ ಮುಗಿಸಿ. ನೀರು ಸೋರುವುದು ಮತ್ತು ಕರೆಂಟು, ಇವೆರಡಕ್ಕೆ ಮಾತ್ರ ಈ ಲೆಕ್ಕ ಹಾಕಬೇಡಿ. ಅಲ್ಲಿ ಉಳಿಸಿದ ದುಡ್ಡು ಕಂಪ್ಯೂಟರ್ ಸುಟ್ಟಾಗಲೋ, ಯಾರಿಗಾದರೂ ಶಾಕ್ ಹೊಡೆದಾಗಲೋ ಹೊರಟುಹೋಗುತ್ತದೆ.

ಮೊದಲು ಓನರ್ ಹತ್ತಿರ ಕೂತು ಮಾತಾಡಿ

ಒಂದು ಮೊಳೆ ಹೊಡೆಯುವ ಮುಂಚೆ ಈ ಮಾತು ಮುಗಿಯಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿರುತ್ತೇವೆ, ಬಿಡುವಾಗ ಪೇಂಟಿಂಗ್ ಖರ್ಚು ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಮಾಮೂಲಿ. ಈಗ ನಾವೇ ಬಣ್ಣ ಹೊಡೆಸುತ್ತಿದ್ದೇವೆ, ಬಿಡುವಾಗ ಅದನ್ನು ಹಿಡಿಯಬೇಡಿ ಅಂತ ಕೇಳಿ. ತಾರಸಿ ಸೋರುವುದು ಕಟ್ಟಡದ ದೋಷ, ಅದು ಅವರ ಖರ್ಚು. ಕೈಯಿಂದ ಕೊಡಲು ಆಗುವುದಿಲ್ಲ ಅಂದರೆ, ನಾವೇ ಮಾಡಿಸುತ್ತೇವೆ, ಬಾಡಿಗೆಯಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳುತ್ತೇವೆ ಅನ್ನಿ. ನಮ್ಮ ಓನರ್ ಅಂಕಲ್ ಇದಕ್ಕೆ ಒಪ್ಪಿದರು. ಒಪ್ಪಿದ್ದನ್ನು ಅವತ್ತೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ಅವರಿಂದ ಒಂದು 'ಓಕೆ' ಬರಲಿ.

ಅಗ್ರಿಮೆಂಟ್ ಇನ್ನು ಎಷ್ಟು ತಿಂಗಳಿದೆ ನೋಡಿಕೊಳ್ಳಿ. ಹನ್ನೊಂದು ತಿಂಗಳ ಕರಾರಿನಲ್ಲಿ ಮೂರು ತಿಂಗಳು ಉಳಿದಿರುವಾಗ ದುಡ್ಡು ಸುರಿಯಬಾರದು, ಮೊದಲು ಹೊಸ ಕರಾರು ಮಾಡಿಸಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಖರ್ಚು ಇದೆ, ಆದರೆ ಮೂರು ವರ್ಷ ಕೂರುವ ಜಾಗ ಅಂದರೆ ನೆಮ್ಮದಿ.

ಇನ್ನೊಂದು ಮಾತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಎಷ್ಟೋ ಕಡೆ ಕಾಂಕ್ರೀಟ್ ಕಂಬಗಳೇ ಇರುವುದಿಲ್ಲ, ಗೋಡೆಯೇ ಚಾವಣಿಯ ಭಾರ ಹೊತ್ತಿರುತ್ತದೆ. "ಈ ಗೋಡೆ ತೆಗೆದರೆ ಹಾಲ್ ದೊಡ್ಡದಾಗುತ್ತೆ ಸರ್" ಅಂತ ಯಾರು ಹೇಳಿದರೂ ಇಂಜಿನಿಯರ್ ಒಬ್ಬರು ಬಂದು ನೋಡದೆ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ.

ಟೇಪು, ಸೀಮೆಸುಣ್ಣ, ಒಂದು ಭಾನುವಾರ

ಕಂಪ್ಯೂಟರಿನಲ್ಲಿ ಪ್ಲಾನ್ ಹಾಕುವುದಕ್ಕಿಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಒಳ್ಳೆಯದು. ಸಾಮಾನೆಲ್ಲ ಒಂದು ಕಡೆ ಸರಿಸಿ, ನಾಲ್ಕು ಅಡಿ ಉದ್ದ ಎರಡು ಅಡಿ ಅಗಲದ ಎಂಟು ಚೌಕ ಎಳೆದೆವು. ಓಡಾಡಲು ಮೂರು ಅಡಿ ದಾರಿ. ಆಮೇಲೆ ಪ್ರತಿ ಚೌಕದ ಹಿಂದೆ ಕುರ್ಚಿ ಹಾಕಿಕೊಂಡು ಎಲ್ಲರೂ ಕೂತು ಎದ್ದು ನೋಡಿದೆವು. ಮೂಲೆಯಲ್ಲಿ ಕೂತ ಹುಡುಗಿ ಎದ್ದು ಕುರ್ಚಿ ಹಿಂದೆ ತಳ್ಳಿದ ಕೂಡಲೇ ಬಚ್ಚಲಿನ ಬಾಗಿಲು ಅದಕ್ಕೆ ಬಡಿಯಿತು. ಕಾಗದದ ಮೇಲೆ ಇದು ಕಂಡಿರಲಿಲ್ಲ. ಆ ಮೇಜನ್ನು ಒಂದು ಅಡಿ ಈಚೆ ತಂದೆವು, ಸಮಸ್ಯೆ ಮುಗಿಯಿತು. ಕಿಟಕಿ ಮೇಜಿನ ಪಕ್ಕಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಬೆನ್ನ ಹಿಂದೆ ಬಂದರೆ ಸ್ಕ್ರೀನ್ ಮೇಲೆ ಬೆಳಕು ಹೊಳೆಯುತ್ತದೆ, ಎದುರಿಗೆ ಬಂದರೆ ಕಣ್ಣಿಗೆ ಕುಕ್ಕುತ್ತದೆ.

ಯಾವ ಮೇಜಿನ ಹತ್ತಿರ ಎಷ್ಟು ಪ್ಲಗ್ ಪಾಯಿಂಟ್ ಬೇಕು, ಪ್ರಿಂಟರ್ ಎಲ್ಲಿ, ರೌಟರ್ ಎಲ್ಲಿ ಅಂತ ಅದೇ ಸೀಮೆಸುಣ್ಣದಲ್ಲಿ ಗೋಡೆ ಮೇಲೂ ಗುರುತು ಹಾಕಿ ಫೋಟೋ ತೆಗೆದಿಟ್ಟುಕೊಳ್ಳಿ. ಎಲೆಕ್ಟ್ರಿಷಿಯನ್ ಜೊತೆ ಮಾತಾಡುವಾಗ ಈ ಫೋಟೋ ತುಂಬ ಕೆಲಸಕ್ಕೆ ಬರುತ್ತದೆ.

ದುಡ್ಡು ಹಂಚಿಕೊಂಡ ಬಗೆ

ನಮ್ಮ 3 ಲಕ್ಷ ಹೀಗೆ ಹಂಚಿಕೊಂಡಿತ್ತು: ಸೋರಿಕೆ ಮತ್ತು ಗಾರೆ ಕೆಲಸಕ್ಕೆ 35 ಸಾವಿರ, ವೈರಿಂಗ್ ಮತ್ತು ನೆಟ್‌ವರ್ಕ್‌ಗೆ 75 ಸಾವಿರ, ಬಣ್ಣ ಮತ್ತು ನೆಲಕ್ಕೆ 50 ಸಾವಿರ, ಮೇಜು ಕುರ್ಚಿಗೆ 80 ಸಾವಿರ, ದೀಪ ಫ್ಯಾನಿಗೆ 25 ಸಾವಿರ, ಬಚ್ಚಲಿಗೆ 10 ಸಾವಿರ. ಉಳಿದ 25 ಸಾವಿರವನ್ನು ಯಾವುದಕ್ಕೂ ಬರೆಯದೆ ಪಕ್ಕಕ್ಕೆ ಇಟ್ಟೆವು. ಹಳೇ ಕಟ್ಟಡದಲ್ಲಿ ಗೋಡೆ ಕೆರೆದ ಮೇಲೇ ಒಳಗಿರುವುದು ಗೊತ್ತಾಗುವುದು, ಆ ದುಡ್ಡು ಅದಕ್ಕೆ. ನಿಮ್ಮ ಜಾಗ, ನಿಮ್ಮ ಕೆಲಸ ಬೇರೆ ಇರುತ್ತದೆ, ಲೆಕ್ಕ ಬದಲಾಗುತ್ತದೆ. ಆದರೆ ಈ ಪಕ್ಕಕ್ಕಿಡುವ ದುಡ್ಡನ್ನು ಮಾತ್ರ ಮರೆಯಬೇಡಿ.

ಸೋರಿಕೆ

ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗದೆ ಪುಟ್ಟಿ (ಬಣ್ಣಕ್ಕೆ ಮುಂಚೆ ಗೋಡೆ ನಯ ಮಾಡುವ ಲೇಪ) ಹಚ್ಚಿದರೆ ಸುಮ್ನೆ ದಂಡ. ಗೋಡೆಯನ್ನು ಬೆರಳಿನ ಗಂಟಿನಿಂದ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಪರವಾಗಿಲ್ಲ, ಟೊಳ್ಳು ಸದ್ದು ಬಂದಲ್ಲಿ ಗಾರೆ ಬಿಟ್ಟುಕೊಂಡಿದೆ, ಅಷ್ಟನ್ನು ಕೆತ್ತಿ ತೆಗೆದು ಹೊಸದಾಗಿ ಮಾಡಿಸಬೇಕು. ತೇವ ಇದೆಯಾ ಇಲ್ಲವಾ ಅನುಮಾನ ಬಂದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಮಾರನೇ ದಿನ ಹಾಳೆಯ ಒಳಬದಿಯಲ್ಲಿ ನೀರಿನ ಹನಿ ನಿಂತಿದ್ದರೆ ಗೋಡೆ ಇನ್ನೂ ಒದ್ದೆ ಅಂತ ಅರ್ಥ. ಅದು ಒಣಗುವ ತನಕ ಬಣ್ಣದ ಡಬ್ಬ ತೆರೆಯಬೇಡಿ.

ಆರ್‌ಸಿಸಿ, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್ ತಾರಸಿಯಾದರೆ ನೀರು ಹೋಗುವ ಬಾಯಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗೆ ಎಲ್ಲಿ ಕಲೆ ಬರುತ್ತದೆ ನೋಡಿ. ನಮ್ಮಲ್ಲಿ ಇಡೀ ತಾರಸಿ ಸೋರುತ್ತಿದೆ ಅಂದುಕೊಂಡಿದ್ದೆವು. ಪರೀಕ್ಷೆ ಮಾಡಿದ ಮೇಲೆ ನೋಡಿದರೆ ಪೈಪಿನ ಬಾಯಿ ಸುತ್ತ ಬಿರುಕು, ಅಷ್ಟೇ. ಪಕ್ಕದ ಮರದ ಎಲೆ ತುಂಬಿಕೊಂಡು ನೀರು ಅಲ್ಲೇ ನಿಲ್ಲುತ್ತಿತ್ತು. ಬಿರುಕು ತುಂಬಿಸಿ, ಜಾಲರಿ ಹಾಕಿಸಿ, ಸುತ್ತ ವಾಟರ್‌ಪ್ರೂಫಿಂಗ್ ಎರಡು ಕೋಟು ಹಚ್ಚಿಸಿದೆವು, ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಈ ಕೆಲಸಕ್ಕೆ ನೆಲ ಚೆನ್ನಾಗಿ ಒಣಗಿರಬೇಕು. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್ ತಿಂಗಳೇ ಸರಿ. ಆಗಸ್ಟ್‌ನಿಂದ ಅಕ್ಟೋಬರ್ ತನಕ ಮಳೆ ಜೋರು, ಆಗ ತಾತ್ಕಾಲಿಕವಾಗಿ ಶೀಟ್ ಹೊದಿಸಿ ಸುಮ್ಮನಿರಿ.

ಕರೆಂಟು ಮತ್ತು ನೆಟ್‌ವರ್ಕ್

ಬೆಸ್ಕಾಂ ಬಿಲ್ಲು ತೆಗೆದು ಎರಡು ವಿಷಯ ನೋಡಿ. ಒಂದು, ಸಂಪರ್ಕ ಮನೆ ಲೆಕ್ಕದಲ್ಲಿದೆಯಾ ವಾಣಿಜ್ಯ ಲೆಕ್ಕದಲ್ಲಿದೆಯಾ. ಮನೆಯನ್ನು ಆಫೀಸು ಮಾಡಿರುವ ಕಡೆ ಇದು ಎಷ್ಟೋ ಸಲ ಬದಲಾಗಿರುವುದೇ ಇಲ್ಲ, ಸಿಕ್ಕಿಬಿದ್ದರೆ ದಂಡ. ಎರಡು, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್. ಒಂದೂವರೆ ಟನ್ನಿನ ಒಂದು ಎಸಿಯೇ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ, ಕಂಪ್ಯೂಟರ್ ಎಲ್ಲ ಸೇರಿದರೆ ಲೋಡ್ ಸಾಲದೆ ಹೋಗಬಹುದು.

ನಮ್ಮಲ್ಲಿ ಹಳೇ ಸ್ವಿಚ್ ಬೋರ್ಡ್ ಬಿಚ್ಚಿದಾಗ ಒಳಗೆ ಮೂರು ವೈರು ಸೇರಿಸಿ ಟೇಪ್ ಸುತ್ತಿದ್ದರು. ಟೇಪು ಕರಗಿ ಕರ್ರಗಾಗಿತ್ತು. ಅದೇ ಬೋರ್ಡಿಗೆ ನಾವು ಎರಡು ಕಂಪ್ಯೂಟರ್, ಪ್ರಿಂಟರ್, ಕಾಫಿ ಕಾಯಿಸುವ ಕೆಟಲ್ ಎಲ್ಲ ಹಾಕುತ್ತಿದ್ದೆವು. ಅದನ್ನು ನೋಡಿದ ಮೇಲೆ ಪೂರ್ತಿ ವೈರಿಂಗ್ ಬದಲಾಯಿಸುವುದು ಅಂತ ತೀರ್ಮಾನ ಆಯಿತು. ದೀಪ, ಫ್ಯಾನಿಗೆ 1.5 ಚದರ ಮಿ.ಮೀ. ವೈರು, ಪ್ಲಗ್ ಪಾಯಿಂಟಿಗೆ 2.5, ಎಸಿ ಇದ್ದರೆ ಅದಕ್ಕೆ ಬೇರೆ ಲೈನು, 4 ಚದರ ಮಿ.ಮೀ. ಒಂದೊಂದು ಸಾಲಿಗೂ ಬೇರೆ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್. ಅವೆಲ್ಲದರ ಮುಂಚೆ 30 ಮಿಲಿಆಂಪಿನ ಆರ್‌ಸಿಸಿಬಿ. ಶಾಕ್ ಹೊಡೆದ ಕ್ಷಣದಲ್ಲಿ ಕರೆಂಟು ಕಡಿಯುವುದು ಇದೇ, ದಯವಿಟ್ಟು ಬಿಡಬೇಡಿ. ಅರ್ಥಿಂಗ್ ಸರಿಯಾಗಿದೆಯಾ ಅಂತ ಮೀಟರ್ ಹಿಡಿದು ತೋರಿಸಿ ಅನ್ನಿ, ಬಾಯಿ ಮಾತಿನಲ್ಲಿ ಬೇಡ.

ಗೋಡೆ ಕೊರೆಯದೆ ಮೇಲಿಂದಲೇ ಪ್ಲಾಸ್ಟಿಕ್ಕಿನ ಕೇಸಿಂಗ್ ಪಟ್ಟಿಯಲ್ಲಿ ವೈರು ಎಳೆಸಿದರೆ ಕೂಲಿ ಕಡಿಮೆ, ದೂಳು ಕಡಿಮೆ, ನಾಳೆ ಏನಾದರೂ ಆದರೆ ಬಿಚ್ಚಿ ನೋಡುವುದೂ ಸುಲಭ. ಹಳೇ ಗೋಡೆಗೂ ಒಳ್ಳೆಯದು. ಲೇಸರ್ ಪ್ರಿಂಟರನ್ನು ಯುಪಿಎಸ್ ಲೈನಿಗೆ ಹಾಕಬೇಡಿ. ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಯುಪಿಎಸ್ ಟ್ರಿಪ್ ಆಗಿ ಎಲ್ಲರ ಕೆಲಸ ಹೋಗುತ್ತದೆ.

ನೆಟ್‌ವರ್ಕ್ ಕೇಬಲ್ ಕ್ಯಾಟ್ 6 ಹಾಕಿಸಿ, ಕರೆಂಟಿನ ವೈರಿನ ಪಟ್ಟಿಯಲ್ಲೇ ತುರುಕಬೇಡಿ, ಅದಕ್ಕೆ ಬೇರೆ ಪಟ್ಟಿ. ಎಸ್.ಪಿ. ರೋಡಿನಲ್ಲಿ ಕೇಬಲ್, ಸ್ವಿಚ್, ಎಲ್ಲ ಸಿಗುತ್ತದೆ, ಆದರೆ ಅಗ್ಗದ ಕೇಬಲ್ ಎಷ್ಟೋ ಸಲ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು. ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ ಅನ್ನಿ. ಬಿಲ್ಲು ಕೇಳಿ ತಗೊಳ್ಳಿ.

ನೆಲ ಮತ್ತು ಬಣ್ಣ

ಹಳೇ ಬೆಂಗಳೂರಿನ ಮನೆಯಲ್ಲಿ ನಿಮ್ಮ ಆಫೀಸು ಇದ್ದರೆ, ಕಾರ್ಪೆಟ್ ಅಥವಾ ವಿನೈಲ್ ಹಾಳೆಯ ಅಡಿಯಲ್ಲಿ ರೆಡ್ ಆಕ್ಸೈಡ್ ನೆಲವೋ ಮೊಸಾಯಿಕ್ ನೆಲವೋ ಇರಬಹುದು. ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ನಮ್ಮಲ್ಲಿ ಹಳೇ ಕಾರ್ಪೆಟ್ ಕಿತ್ತಾಗ ಅಡಿಯಲ್ಲಿ ಹಳದಿ, ಕಪ್ಪು ಚೂರುಗಳ ಮೊಸಾಯಿಕ್ ಇತ್ತು, ಅಂಟಿನ ಕಲೆ ತುಂಬಿಕೊಂಡು ಕೊಳಕಾಗಿತ್ತು. ಪಾಲಿಶ್ ಮೆಷಿನ್ ತರಿಸಿ ಎರಡು ದಿನ ಉಜ್ಜಿಸಿದೆವು. ಮೊದಲ ದಿನ ಸಂಜೆ ಬೂದಿ ಬಣ್ಣದ ಕೆಸರು ತೊಳೆದು ಹಾಕಿದಾಗ ಕೆಳಗಿಂದ ಆ ಚೂರುಗಳು ಒಂದೊಂದಾಗಿ ಕಾಣಿಸಿಕೊಂಡವು, ಒದ್ದೆ ನೆಲದಲ್ಲಿ ಕಿಟಕಿಯ ಸರಳು ಕೂಡ ಕಾಣುತ್ತಿತ್ತು. ಹೊಸ ಟೈಲ್ಸಿಗೆ ಆಗುತ್ತಿದ್ದ ಖರ್ಚಿನಲ್ಲಿ ಚಿಕ್ಕ ಪಾಲು. ಬಂದವರೆಲ್ಲ ಮೊದಲು ನೆಲವನ್ನೇ ನೋಡುತ್ತಾರೆ.

ಬಣ್ಣಕ್ಕೆ ಕೂಲಿ ಮಾತಾಡುವ ಮುಂಚೆ ನೀವೇ ಅಳತೆ ಮಾಡಿ. ಹತ್ತು ಅಡಿ, ಹನ್ನೆರಡು ಅಡಿ ಕೋಣೆ, ಹತ್ತು ಅಡಿ ಎತ್ತರ ಅಂದರೆ ನಾಲ್ಕು ಗೋಡೆ ಸೇರಿ 440 ಚದರ ಅಡಿ. ಅದರಲ್ಲಿ ಬಾಗಿಲು ಕಿಟಕಿ ಎಷ್ಟು ಕಳೆಯುತ್ತೀರಿ ಅಂತ ಮೊದಲೇ ಕೇಳಿ. ಗೋಡೆ ನಯವಾಗಿದ್ದರೆ ಪೂರ್ತಿ ಪುಟ್ಟಿ ಬೇಕಾಗಿಲ್ಲ, ಗುಂಡಿ ಬಿದ್ದಲ್ಲಿ ಹಚ್ಚಿಸಿ ಪ್ರೈಮರ್, ಎರಡು ಕೋಟು ಎಮಲ್ಷನ್ ಸಾಕು. ಚಾವಣಿಗೆ ಬಿಳಿ, ಗೋಡೆಗೆ ತಿಳಿ ಬಣ್ಣ. ಬೆಳಕು ಜಾಸ್ತಿ ಬರುತ್ತದೆ, ದೀಪ ಕಡಿಮೆ ಸಾಕಾಗುತ್ತದೆ.

ಪುಟ್ಟಿ ಉಜ್ಜುವಾಗ ಏಳುವ ದೂಳು ಹಿಟ್ಟಿನಷ್ಟು ನಯ. ಅದು ಕಂಪ್ಯೂಟರಿನ ಫ್ಯಾನಿನೊಳಗೆ ಹೋದರೆ ತಿಂಗಳಲ್ಲಿ ಕೈಕೊಡುತ್ತದೆ. ಬೆಡ್‌ಶೀಟ್ ಹೊದಿಸಿದರೆ ಸಾಲದು. ಆ ಎರಡು ದಿನ ಮೆಷಿನ್‌ಗಳನ್ನೆಲ್ಲ ಮನೆಗೆ ಸಾಗಿಸಿ, ಎಲ್ಲರೂ ಮನೆಯಿಂದಲೇ ಕೆಲಸ ಮಾಡಿದೆವು.

ಮೇಜು, ಕುರ್ಚಿ

ಟೆಂಪೋ ಹತ್ತುವ ಸಾಮಾನು ಅಂದರೆ ಇದೇ, ಹಾಗಾಗಿ ಕುರ್ಚಿಯಲ್ಲಿ ಜಿಪುಣತನ ಬೇಡ. ಆದರೆ ಹೊಸದೇ ಬೇಕು ಅಂತೇನೂ ಇಲ್ಲ. ಔಟರ್ ರಿಂಗ್ ರೋಡಿನ ಕಡೆ ಕಂಪನಿಗಳು ಜಾಗ ಖಾಲಿ ಮಾಡಿದಾಗ ನೂರಾರು ಒಳ್ಳೇ ಕುರ್ಚಿಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬರುತ್ತವೆ. ಹೊಸ ಅಗ್ಗದ ಕುರ್ಚಿಗಿಂತ ಅಂಥ ಹಳೇ ಒಳ್ಳೇ ಕುರ್ಚಿ ನನ್ನ ಪ್ರಕಾರ ನೂರು ಪಾಲು ಮೇಲು. ಸೀಟನ್ನು ಪೂರ್ತಿ ಮೇಲೆತ್ತಿ, ಅಂಗಡಿಯಲ್ಲೇ ಹತ್ತು ನಿಮಿಷ ಕೂತಿರಿ. ನಿಧಾನಕ್ಕೆ ಕೆಳಗಿಳಿದರೆ ಸೀಟನ್ನು ಎತ್ತಿ ಹಿಡಿಯುವ ಗ್ಯಾಸ್ ಲಿಫ್ಟ್ ಹೋಗಿದೆ. ಹಿಂದಕ್ಕೆ ಒರಗಿ ನೋಡಿ, ಆಮೇಲೆ ತಲೆಕೆಳಗು ಮಾಡಿ ಐದು ಕಾಲಿನ ಬುಡದಲ್ಲಿ ಬಿರುಕಿದೆಯಾ ಅಂತ ಬೆರಳಾಡಿಸಿ. ಚಕ್ರ ಹೋಗಿದ್ದರೆ ಯೋಚನೆ ಬೇಡ, ಅಗ್ಗಕ್ಕೆ ಬದಲಾಯಿಸಬಹುದು.

ಹಳೇ ಮೇಜಿನ ವಿಷಯದಲ್ಲಿ ಹುಷಾರು. ಪಾರ್ಟಿಕಲ್ ಬೋರ್ಡಿನದಾದರೆ ಒಮ್ಮೆ ಬಿಚ್ಚಿ ಜೋಡಿಸಿದಾಗಲೇ ಸ್ಕ್ರೂ ತೂತು ಸಡಿಲವಾಗಿರುತ್ತದೆ, ನೀರು ತಾಗಿದ ಅಂಚು ಉಬ್ಬಿರುತ್ತದೆ. ನಾವು ಮೇಜು ಮಾಡಿಸಿಕೊಂಡೆವು. ಎಂಟು ಅಡಿ ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆಯಲ್ಲಿ ನಾಲ್ಕಕ್ಕೆ ಎರಡರ ನಾಲ್ಕು ಮೇಜಿನ ಹಲಗೆ ಸರಿಯಾಗಿ ಬರುತ್ತದೆ, ಒಂದು ಚೂರೂ ವೇಸ್ಟ್ ಇಲ್ಲ. ಎಂಟು ಮೇಜಿಗೆ ಎರಡೇ ಹಾಳೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ನಾಲ್ಕು ಅಂಗಡಿ ವಿಚಾರಿಸಿ 18 ಮಿ.ಮೀ. ಹಾಳೆ ತಂದೆವು. ಐಎಸ್ಐ ಗುರುತು ನೋಡಿ. ಮೇಜಿಗೆ ಐಎಸ್ 303 (ಮಾಮೂಲಿ ಪ್ಲೈವುಡ್) ಸಾಕು, ಸಿಂಕ್ ಹತ್ತಿರದ ಕಪಾಟಿಗೆ ಮಾತ್ರ ಐಎಸ್ 710 (ನೀರು ತಡೆಯುವ ಪ್ಲೈವುಡ್) ತಗೊಳ್ಳಿ. ಮೇಲೆ 1 ಮಿ.ಮೀ. ಮೈಕಾ ಅಂಟಿಸಿದರೆ ಕೆಳಗೂ ತೆಳು ಮೈಕಾ ಅಂಟಿಸಲೇಬೇಕು, ಇಲ್ಲದಿದ್ದರೆ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ. ಕಾಲಿಗೆ ಕಬ್ಬಿಣದ ಫ್ರೇಮು, ಬೋಲ್ಟ್ ಹಾಕಿ ಬಿಗಿಯುವಂಥದ್ದು. ಬಿಚ್ಚಿದರೆ ಎಂಟು ಮೇಜೂ ಒಂದೇ ಟೆಂಪೋದಲ್ಲಿ ಹೋಗುತ್ತವೆ. ನೆಲದಿಂದ ಮೇಜಿನ ಮೇಲ್ಭಾಗಕ್ಕೆ 29 ಇಂಚು ಇಟ್ಟುಕೊಂಡೆವು.

ಏನೇ ತಗೊಂಡರೂ ಮೊದಲು ಮೆಟ್ಟಿಲಿನ ತಿರುವು ಅಳೆಯಿರಿ. ಹಳೇ ಮನೆಯ ಮೆಟ್ಟಿಲಿನಲ್ಲಿ ಎಂಟು ಅಡಿಯ ಹಲಗೆ ತಿರುಗುವುದೇ ಇಲ್ಲ, ಅಂಗಡಿಯಲ್ಲೇ ಕತ್ತರಿಸಿಕೊಂಡು ಬಂದರೆ ಒಳ್ಳೆಯದು.

ಪಾರ್ಟಿಷನ್ ಬೇಕೇ ಬೇಕು ಅನಿಸಿದರೆ ಜಿಪ್ಸಂ ಗೋಡೆ ಕಟ್ಟಿಸುವ ಬದಲು ಎತ್ತರದ ಸ್ಟೀಲ್ ರ್‍ಯಾಕ್ ನಿಲ್ಲಿಸಿ ಪುಸ್ತಕ, ಫೈಲು ತುಂಬಿ. ಮರೆಯೂ ಆಯಿತು, ಸದ್ದೂ ಕಡಿಮೆ. ಅದರ ಹಿಂಬದಿಗೆ ಚಿಕ್ಕಪೇಟೆಯಿಂದ ತಂದ ದಪ್ಪ ಬಟ್ಟೆ ಇಳಿಬಿಟ್ಟರೆ ಇನ್ನೂ ಚೆನ್ನ.

ದೀಪ, ಫ್ಯಾನು, ಬಚ್ಚಲು

ಹಳೇ ಚೋಕಿನ 40 ವ್ಯಾಟ್ ಟ್ಯೂಬು ಚೋಕೂ ಸೇರಿ ಸುಮಾರು 50 ವ್ಯಾಟ್ ತಿನ್ನುತ್ತದೆ, ಎಲ್‌ಇಡಿ ಪಟ್ಟಿ 20 ವ್ಯಾಟ್. ಹತ್ತು ಟ್ಯೂಬು, ದಿನಕ್ಕೆ ಒಂಬತ್ತು ಗಂಟೆ, ತಿಂಗಳಿಗೆ 25 ದಿನ ಅಂದರೆ 67 ಯೂನಿಟ್ ಉಳಿಯಿತು. ಮಾಮೂಲಿ ಸೀಲಿಂಗ್ ಫ್ಯಾನು 75 ವ್ಯಾಟ್, ಕಡಿಮೆ ಕರೆಂಟಿನ ಮೋಟಾರು ಇರುವ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಎರಡೂ ಟೆಂಪೋ ಹತ್ತುತ್ತವೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ದರ ಗೊತ್ತಾಗುತ್ತದೆ. ಎಸಿ ನಾವು ಹಾಕಿಸಲಿಲ್ಲ. ಎದುರುಬದುರು ಕಿಟಕಿ ತೆಗೆಯಲು ಬರುವ ಹಾಗೆ ಮಾಡಿ ಸೊಳ್ಳೆ ಜಾಲರಿ ಹಾಕಿಸಿದೆವು. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಸ್ವಲ್ಪ ಕಷ್ಟ, ಮಿಕ್ಕ ತಿಂಗಳು ಗಾಳಿ ಸಾಕು.

ಬಚ್ಚಲಿನಲ್ಲಿ ಫ್ಲಶ್ ಟ್ಯಾಂಕ್ ಸೋರುತ್ತಿದ್ದರೆ ಸರಿ ಮಾಡಿಸಿ, ಎಗ್ಸಾಸ್ಟ್ ಫ್ಯಾನು ಹಾಕಿಸಿ, ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಜಾಲರಿ) ಹಾಕಿಸಿ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ವಾಣಿಜ್ಯ ಜಾಗಗಳಿಗೆ ಇದನ್ನು ಕಡ್ಡಾಯ ಮಾಡಿತು. ಚಿಕ್ಕ ಸಾಮಾನು, ನೀರು ತುಂಬ ಉಳಿಯುತ್ತದೆ.

ಹೊರಗಿನ ಬೋರ್ಡು ಬದಲಾಯಿಸುವುದಾದರೆ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. 2024ರ ತಿದ್ದುಪಡಿಯಿಂದ ಇದು ಕಾನೂನು. ನಾವು ಪೂರ್ತಿ ಕನ್ನಡದಲ್ಲೇ ಬರೆಸಿದೆವು, ಬೋರ್ಡ್ ಬರೆಯುವ ಕಲಾವಿದರ ಕೈಯಲ್ಲಿ, ಬ್ರಷ್ಷಿನಲ್ಲಿ. ಫ್ಲೆಕ್ಸಿಗಿಂತ ಎಷ್ಟೋ ಚೆಂದ ಕಾಣುತ್ತದೆ.

ಕೆಲಸದವರು

ಆಯುಧ ಪೂಜೆಗೆ ಮುಂಚೆ ಎಲ್ಲ ಆಫೀಸಿನವರಿಗೂ ಬಣ್ಣ ಬೇಕು, ಆಗ ಪೇಂಟರ್ ಸಿಗುವುದೇ ಕಷ್ಟ. ಆಷಾಢದಲ್ಲಿ ಹೊಸ ಕೆಲಸ ಶುರು ಮಾಡುವವರು ಕಡಿಮೆ, ಒಳಗಿನ ಕೆಲಸಕ್ಕೆ ಆಗ ಒಳ್ಳೇ ಕೈಗಳು ಸಿಗುತ್ತವೆ, ದರವೂ ಸ್ವಲ್ಪ ಇಳಿಯುತ್ತದೆ. ಹೋಳಿ, ದೀಪಾವಳಿ ಹೊತ್ತಿಗೆ ಉತ್ತರದ ಕಡೆಯ ಕಾರ್ಪೆಂಟರ್‌ಗಳು ಊರಿಗೆ ಹೋಗುತ್ತಾರೆ, ಅದನ್ನು ಮೊದಲೇ ಕೇಳಿಕೊಳ್ಳಿ.

ಕ್ರಮ ತಪ್ಪಿಸಬೇಡಿ: ಸೋರಿಕೆ, ಗಾರೆ, ವೈರಿಂಗ್, ಪುಟ್ಟಿ, ನೆಲದ ಪಾಲಿಶ್, ಮೊದಲ ಕೋಟು, ಮರಗೆಲಸ, ಕೊನೇ ಕೋಟು, ದೀಪ. ಅಡ್ವಾನ್ಸ್ ಕಾಲು ಭಾಗಕ್ಕಿಂತ ಜಾಸ್ತಿ ಕೊಡಬೇಡಿ, ಕೆಲಸ ಆದ ಹಾಗೆ ಕೊಡುತ್ತಾ ಹೋಗಿ, ಹತ್ತರಲ್ಲಿ ಒಂದು ಪಾಲು ಒಂದು ತಿಂಗಳು ಬಾಕಿ ಇಟ್ಟುಕೊಳ್ಳಿ. ಮೇಸ್ತ್ರಿಗೆ ಇದನ್ನು ಮೊದಲ ದಿನವೇ ಹೇಳಿ, ಕೊನೆಯಲ್ಲಿ ಹೇಳಿದರೆ ಜಗಳ. ಕೂಲಿಯವರ ದಿನಗೂಲಿಯನ್ನು ಮಾತ್ರ ಯಾವ ಕಾರಣಕ್ಕೂ ತಡ ಮಾಡಬೇಡಿ, ಅವರು ಅವತ್ತಿನ ದುಡ್ಡಿನಲ್ಲೇ ಮನೆ ನಡೆಸುವವರು. ಕೆತ್ತಿದ ಗಾರೆ, ಇಟ್ಟಿಗೆ ಚೂರನ್ನು ಚೀಲಕ್ಕೆ ತುಂಬಿ ಸಾಗಿಸುವ ಖರ್ಚನ್ನೂ ಕೊಟೇಷನ್ನಿನಲ್ಲೇ ಬರೆಸಿ. ಇಲ್ಲದಿದ್ದರೆ ರಾತ್ರಿ ಪಕ್ಕದ ಖಾಲಿ ಸೈಟಿಗೆ ಹೋಗಿ ಬೀಳುತ್ತದೆ, ದಂಡದ ಚೀಟಿ ನಿಮ್ಮ ಹೆಸರಿಗೆ ಬರುತ್ತದೆ.

ಕೆಲಸ ಮುಗಿದ ದಿನ

ದೀಪ, ಫ್ಯಾನು, ಕಂಪ್ಯೂಟರ್, ಕೆಟಲ್ ಎಲ್ಲವನ್ನೂ ಒಟ್ಟಿಗೆ ಹಾಕಿ ಎರಡು ಗಂಟೆ ಬಿಡಿ. ಆಮೇಲೆ ಪ್ರತಿ ಸ್ವಿಚ್ ಬೋರ್ಡ್ ಮೇಲೂ ಅಂಗೈ ಇಟ್ಟು ನೋಡಿ, ಬಿಸಿ ಅನಿಸಿದರೆ ಎಲೆಕ್ಟ್ರಿಷಿಯನ್ ಅಲ್ಲಿರುವಾಗಲೇ ಬಿಚ್ಚಿಸಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ, ಟಕ್ ಅಂತ ಬೀಳಬೇಕು. ಬಾಗಿಲ ಹತ್ತಿರ ಕಾಗದ, ಎಣ್ಣೆ, ಗ್ಯಾಸ್ ಬೆಂಕಿಗೆಲ್ಲ ಆಗುವ ಎಬಿಸಿ ಬಗೆಯ ಬೆಂಕಿ ನಂದಿಸುವ ಸಿಲಿಂಡರ್ ಒಂದನ್ನು ನೇತುಹಾಕಿ.

ಕೊನೆಗೆ ಒಂದು ಪಟ್ಟಿ ಮಾಡಿ. ಎಂಟು ಮೇಜು, ಎಂಟು ಕುರ್ಚಿ, ನಾಲ್ಕು ಫ್ಯಾನು, ಹತ್ತು ದೀಪ, ಮೂರು ರ್‍ಯಾಕ್, ಆರ್‌ಸಿಸಿಬಿ ಡಬ್ಬ, ನೆಟ್‌ವರ್ಕ್ ಸ್ವಿಚ್, ಇವೆಲ್ಲ ನಮ್ಮವು. ಹಳೇ ಎರಡು ಫ್ಯಾನು, ಗೀಸರ್, ಬಾಗಿಲ ಬೀಗ ಓನರ್‌ದು, ಅಟ್ಟದ ಮೇಲೆ ಇಟ್ಟಿದ್ದೇವೆ. ನಮ್ಮ ಓನರ್ ಅಂಕಲ್ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಎರಡು ಸಲ ಓದಿದರು, ಅಟ್ಟ ಹತ್ತಿಸಿ ಫ್ಯಾನು ಎಣಿಸಿದರು, ಆಮೇಲೆ ಸಹಿ ಹಾಕಿದರು. ಆ ಹಾಳೆ, ಬಿಲ್ಲುಗಳು, ವೈರು ಎಲ್ಲಿ ಹೋಗಿದೆ ಅನ್ನುವ ಫೋಟೋಗಳು, ಎಲ್ಲ ಒಂದೇ ಫೈಲಿನಲ್ಲಿ ಅಗ್ರಿಮೆಂಟ್ ಜೊತೆ ಇದೆ.